ಎರಡು ಬೆರಳಷ್ಟು ಕಿಟಕಿ

ನಮ್ಮ ನಂಜುಂಡಸ್ವಾಮಿಗೆ ಹೆದರುವುದಕ್ಕೇ ಸಂಬಳ. ಕುಹಕದ ಮಾತಲ್ಲ, ನಿಜವಾಗಿಯೂ ಅದೇ ಅವನ ಉದ್ಯೋಗ. ಬೇರೆಯವರು ಬರೆದ ಸಾಫ್ಟ್‌ವೇರ್ ಎಲ್ಲೆಲ್ಲಿ ಕೈಕೊಡಬಹುದು ಎಂದು ಮುಂಚೆಯೇ ಊಹಿಸಿ ಪಟ್ಟಿ ಮಾಡಬೇಕು. ಆಫೀಸಿನಲ್ಲಿ ಹಗಲೆಲ್ಲ ಕೆಟ್ಟದ್ದನ್ನೇ ಯೋಚಿಸಿ ಬಂದವನು ಮನೆಯಲ್ಲಿ ಒಳ್ಳೆಯದನ್ನು ಯೋಚಿಸಿಯಾನೆ? ಇಲ್ಲಿ ಟೋಕಿಯೋದಲ್ಲಿ, ಓಜಿಮಾದ ಹದಿನಾಲ್ಕು ಮಹಡಿಯ ಕಟ್ಟಡದಲ್ಲಿ ಹುಡುಕಿ ಹುಡುಕಿ ಮೂರನೇ ಮಹಡಿಯ ಮನೆ ಹಿಡಿದ. ಅದಕ್ಕಿಂತ ಕೆಳಗಾದರೆ ಪ್ರವಾಹದ ನೀರು ಬರುತ್ತದೆ, ಮೇಲಾದರೆ ಭೂಕಂಪದಲ್ಲಿ ಇಳಿದು ಓಡಲಾಗದು. ಫುನಾಬೊರಿಯ ನನ್ನ ಅಂಗಡಿಗೆ ಬಂದು ಇಂಗಿನ ಡಬ್ಬಿಯ ತಳ ತಿರುಗಿಸಿ ತಾರೀಖು ನೋಡುವ ಗಿರಾಕಿ ಅವನೊಬ್ಬನೇ.

"ಏನ್ ಸ್ವಾಮಿ, ಇಂಗು ಕೆಟ್ರೆ ಏನಾಗುತ್ತೆ? ಇನ್ನೊಂಚೂರು ಜಾಸ್ತಿ ವಾಸನೆ ಹೊಡೆಯುತ್ತೆ, ಲಾಭ ನಿಮಗೇ" ಅಂತ ನಾನು.

"ತಮಾಷೆ ಮಾಡಿ ಶೆಟ್ರೇ, ತಮಾಷೆಗೆ ಎಕ್ಸ್‌ಪೈರಿ ಡೇಟ್ ಇಲ್ಲ" ಅಂತ ಅವನು.

ಎದುರಿಗೆ ಬಹುವಚನ, ಬರೆಯುವಾಗ ಏಕವಚನ. ಹತ್ತು ವರ್ಷದ ಗಿರಾಕಿ, ಅಷ್ಟು ಸಲಿಗೆ ನನಗುಂಟು.

ಮೈಸೂರಿನ ಲೈಸೆನ್ಸನ್ನು ಇಲ್ಲಿನ ಲೈಸೆನ್ಸಿಗೆ ಬದಲಾಯಿಸಿಕೊಳ್ಳಲು ಅವನಿಗೆ ಏಳು ಸಲ ಬೇಕಾಯಿತು. ಉಳಿದವರೆಲ್ಲ ಕನ್ನಡಿ ನೋಡಲಿಲ್ಲ, ಸಿಗ್ನಲ್ ಕೊಡಲಿಲ್ಲ ಅಂತ ಫೇಲಾದರೆ ಇವನು ಹಸಿರು ದೀಪಕ್ಕೂ ನಿಂತು ಫೇಲಾದ. ಯಾಕೆ ನಿಂತಿರಿ ಎಂದು ಪರೀಕ್ಷಕ ಕೇಳಿದ್ದಕ್ಕೆ, "ಆ ಕಡೆಯವರು ನಿಲ್ತಾರೋ ಇಲ್ವೋ ನೋಡ್ತಿದ್ದೆ" ಅಂದನಂತೆ. ಪರೀಕ್ಷಕ ತಲೆ ಬಗ್ಗಿಸಿ, ಬಹಳ ಮರ್ಯಾದೆಯಿಂದ, ಮತ್ತೆ ಬನ್ನಿ ಎಂದ.

ಇಂಥವನು ಡಿಸೆಂಬರ್ ಕೊನೆಯಲ್ಲಿ, ವಯಸ್ಸಾದ ತಾಯಿಯನ್ನೂ ಒಂಬತ್ತು ವರ್ಷದ ಮಗಳನ್ನೂ ಕೂರಿಸಿಕೊಂಡು, ಹಿಮ ಬೀಳುವ ಸೀಮೆಗೆ ಮುನ್ನೂರು ಕಿಲೋಮೀಟರ್ ಕಾರು ಓಡಿಸಿದ್ದು ಹೇಗೆ ಅಂತ ನೀವು ಕೇಳಬೇಕು.

ಅವನ ತಂಗಿ ಸಂಜನಾ ನಾಗಾವೊಕಾದಲ್ಲಿ ಸಂಶೋಧಕಿ. ಹಿಮದ ರಾಶಿ ಯಾವಾಗ, ಯಾಕೆ ಜಾರುತ್ತದೆ ಅನ್ನುವುದು ಅವಳ ವಿಷಯ. ಮೈಸೂರಿನಲ್ಲಿ ಫ್ರಿಜ್ಜಿನ ಐಸು ಬಿಟ್ಟು ಬೇರೆ ಹಿಮ ಕಾಣದ ಹುಡುಗಿ ಈಗ ಅದರ ಮೇಲೆ ಜಪಾನಿಯರಿಗೇ ಪಾಠ ಹೇಳುತ್ತಾಳೆ. ಜನವರಿ ಎಂಟಕ್ಕೆ ಅವಳಿಗೆ ಚೊಚ್ಚಲ ಹೆರಿಗೆ ಅಂತ ಡಾಕ್ಟರು ದಿನ ಕೊಟ್ಟಿದ್ದರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕಲ್ಲ? ತಾಯಿ ಚಾಮುಂಡೇಶ್ವರಮ್ಮ ನವೆಂಬರಿನಲ್ಲೇ ಮೈಸೂರಿನಿಂದ ಬಂದು ಮಗನ ಮನೆಯಲ್ಲಿ ಇಳಿದಿದ್ದರು. ಅಂಟಿನುಂಡೆ, ಬಾಣಂತಿ ಖಾರ, ಹರಳೆಣ್ಣೆ, ಸೊಂಟಕ್ಕೆ ಕಟ್ಟುವ ಹಳೇ ಸೀರೆ, ಮಗುವಿನ ತೊಟ್ಟಿಲ ಬಟ್ಟೆ, ಅದಿದೆ ಇದಿದೆ ಅಂತ ಏಳು ಡಬ್ಬ. ಕಡಿಮೆ ಬಿದ್ದದ್ದನ್ನು ನನ್ನ ಅಂಗಡಿಯಿಂದ ತುಂಬಿಸಿಕೊಂಡರು. ನಾನೇನು ಬೇಡ ಅನ್ನಲಿಲ್ಲ.

ಶಿಂಕಾನ್ಸೆನ್ ರೈಲಿನಲ್ಲಾದರೆ ಎರಡು ಗಂಟೆಯೂ ಇಲ್ಲದ ದಾರಿ. ನಂಜುಂಡಸ್ವಾಮಿ ಟಿಕೆಟ್ಟಿಗೆ ಕೈ ಹಾಕುವಷ್ಟರಲ್ಲಿ ತಾಯಿ ತಡೆದರು.

"ಏಳು ಡಬ್ಬ ಯಾರೋ ಹೊರೋದು?"

"ಕೊರಿಯರ್ ಮಾಡೋಣ ಅಮ್ಮ. ನಾಳೆ ಕೊಟ್ರೆ ನಾಳಿದ್ದು ಮನೆ ಬಾಗಿಲಲ್ಲಿ ಇರುತ್ತೆ."

"ಅಳಿಯನ ಮನೆಗೆ ಬಾಣಂತನದ ಸಾಮಾನನ್ನ ಪೋಸ್ಟಲ್ಲಿ ಕಳಿಸ್ತಾರೇನೋ? ಜನ ಏನಂತಾರೆ?"

"ನಾಗಾವೊಕಾದಲ್ಲಿ ಯಾವ ಜನ ಅಮ್ಮ?"

"ಜನ ಎಲ್ಲಾ ಕಡೆ ಇರ್ತಾರೆ."

ನಾನು ಬಿಲ್ಲು ಹಾಕುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ. ನಾಗಾವೊಕಾದಲ್ಲಿ ಹೊಸದಾಗಿ ಶುರುವಾದ ಹೋಟೆಲೊಂದರ ಮಾಲೀಕನನ್ನು ನೋಡಿ ಮಾತಾಡಿ ಬರುವ ಯೋಚನೆ ನನಗೂ ಇತ್ತು. ಕಾರಾದರೆ ನನಗೂ ಒಂದು ಸೀಟು, ನನ್ನ ಎರಡು ಅಕ್ಕಿ ಮೂಟೆಗೂ ಜಾಗ. ಹಾಗಾಗಿ "ಅಮ್ಮನಿಗೆ ಮಂಡಿ ನೋವು ಬೇರೆ, ರೈಲು ಹತ್ತಿ ಇಳಿಯೋದು ಯಾಕೆ? ಕಾರೇ ಸರಿ ಸ್ವಾಮಿ" ಎಂದು ನನ್ನದೂ ಒಂದು ಮಾತು ಹಾಕಿದೆ. ಅವನು ನನ್ನನ್ನು ನೋಡಿದ ರೀತಿಯಲ್ಲಿ, ಇವರಿಗೇನು ಸಿಗುತ್ತೆ ಇದರಲ್ಲಿ ಅನ್ನುವ ಪ್ರಶ್ನೆ ಇತ್ತು. ಹೆದರುವವರ ಬುದ್ಧಿ ಚುರುಕು.

ಹೆಂಡತಿ ಶಾಲಿನಿಗೆ ವರ್ಷದ ಕೊನೆಯ ಆಫೀಸ್ ಕೆಲಸ. ಮೂವತ್ತೊಂದಕ್ಕೆ ರೈಲಿನಲ್ಲಿ ಬಂದು ಸೇರಿಕೊಳ್ಳುವುದು ಅಂತಾಯಿತು. ಮಗಳು ಇಂಚರಾಳನ್ನು ತನ್ನ ಜೊತೆಗೇ ಬಿಡಿ ಎಂದಳು. ಇಂಚರಾ ಕೇಳಲಿಲ್ಲ. ಹುಟ್ಟಿದ್ದು ಬೆಳೆದದ್ದು ಟೋಕಿಯೋದಲ್ಲೇ ಆದರೂ ಮೊಣಕಾಲು ಮುಳುಗುವ ಹಿಮ ಅವಳು ಕಂಡಿರಲಿಲ್ಲ. "ಗಂಟೆಗೊಂದು ಮೆಸೇಜ್ ಹಾಕ್ತೀನಿ, ಮಗಳನ್ನ ನಿನ್ನ ಕೈಗೆ ಒಪ್ಪಿಸೋ ತನಕ ನನ್ನ ಜವಾಬ್ದಾರಿ" ಎಂದು ನಂಜುಂಡಸ್ವಾಮಿ ಹೆಂಡತಿಗೆ ಮಾತು ಕೊಟ್ಟ.

ಇಪ್ಪತ್ತೊಂಬತ್ತರ ಬೆಳಗಿನ ಜಾವ ಹೊರಟೆವು. ಹಿಮಕ್ಕೆಂದೇ ಮಾಡಿದ ಟೈರು, ಸಲಿಕೆ, ಹಗ್ಗ, ಟಾರ್ಚು, ಮೂರು ದಿನಕ್ಕಾಗುವಷ್ಟು ನೀರು, ಮೈಗೆ ಅಂಟಿಸಿಕೊಂಡರೆ ಬಿಸಿಯಾಗುವ ಪಟ್ಟಿಗಳ ಎರಡು ಪೊಟ್ಟಣ, ಎಲ್ಲ ಪಟ್ಟಿಯ ಪ್ರಕಾರ ಡಿಕ್ಕಿಯಲ್ಲಿತ್ತು. ಚಾಮುಂಡೇಶ್ವರಮ್ಮ ಸ್ಟಿಯರಿಂಗಿಗೆ ವಿಭೂತಿ ಹಚ್ಚಲು ಬಗ್ಗಿದರು.

"ಅಮ್ಮ, ನಡುವೆ ಬೇಡ, ಏರ್‌ಬ್ಯಾಗ್ ಇದೆ."

"ಇರ್ಲಿ ಬಿಡು, ಅದಕ್ಕೂ ಒಳ್ಳೇದಾಗ್ಲಿ."

ಕಾನ್-ಎತ್ಸು ಹೆದ್ದಾರಿಯಲ್ಲಿ ಟೋಕಿಯೋದ ಅರ್ಧ ಜನ ನಮ್ಮ ಜೊತೆಗೇ ಊರಿಗೆ ಹೊರಟಿದ್ದರು. ತೆವಳುತ್ತಾ, ನಿಲ್ಲುತ್ತಾ, ಮತ್ತೆ ತೆವಳುತ್ತಾ ಬೆಟ್ಟದ ಬುಡ ಮುಟ್ಟುವಾಗ ಹತ್ತು ಗಂಟೆ. ಅಲ್ಲಿಯ ತನಕ ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗಿತ್ತು. ನಾನು ಬಿಸಿಲಿಗೆ ಮುಖ ಒಡ್ಡಿ, "ಇದೇನಾ ಸ್ವಾಮಿ ನಿಮ್ಮ ಹಿಮ?" ಎಂದು ಚುಡಾಯಿಸಿದೆ. ಅವನು ವೇಗ ಇಳಿಸಿದ. ಎದುರಿಗೆ ಸುರಂಗದ ಬಾಯಿ ಕಾಣುತ್ತಿತ್ತು. ಹನ್ನೊಂದು ಕಿಲೋಮೀಟರಿನ ಸುರಂಗ. ಬೆಟ್ಟದ ಈಚೆಗೆ ಒಂದು ದೇಶ, ಆಚೆಗೆ ಇನ್ನೊಂದು ಎಂದು ಸಂಜನಾ ಫೋನಿನಲ್ಲಿ ಹೇಳಿದ್ದಳಂತೆ.

ಹೇಳಿದ್ದು ಸುಳ್ಳಲ್ಲ. ಸುರಂಗದಿಂದ ಹೊರಬಿದ್ದದ್ದೇ ಗಾಜಿನ ಮೇಲೆ ಯಾರೋ ಒದ್ದೆ ಪಂಚೆ ಎಸೆದಂತಾಯಿತು. ರಸ್ತೆ ಇಲ್ಲ, ಬೆಟ್ಟ ಇಲ್ಲ, ಆಕಾಶ ಇಲ್ಲ. ಮುಂದಿನ ಲಾರಿಯ ಎರಡು ಕೆಂಪು ದೀಪ ಬಿಟ್ಟರೆ ಎಲ್ಲ ಬಿಳಿ. ಇಂಚರಾ ಕೈತಟ್ಟಿ "ಸುಗೋಯ್!" ಎಂದು ಕೂಗಿದಳು, ಅದ್ಭುತ ಅಂತ. ಅವಳ ಅಪ್ಪನ ಬೆರಳ ಗೆಣ್ಣುಗಳು ಸ್ಟಿಯರಿಂಗಿನ ಮೇಲೆ ಹಾಲಿನಷ್ಟು ಬಿಳಿಚಿದ್ದವು.

ಇನ್ನೊಂದು ಗಂಟೆ ಇಷ್ಟಿಷ್ಟೇ ಸಾಗಿದೆವು. ಆಮೇಲೆ ಆ ಕೆಂಪು ದೀಪಗಳು ನಿಂತವು. ಹಿಂದೆಯೂ ದೀಪಗಳು ಬಂದು ನಿಂತವು. ಎಲ್ಲೋ ಮುಂದೆ ದೊಡ್ಡ ಲಾರಿಯೊಂದು ಅಡ್ಡ ತಿರುಗಿದೆ, ದಾರಿ ಬಂದ್ ಎಂದು ರೇಡಿಯೋ ಹೇಳಿತು. ಎಷ್ಟು ಹೊತ್ತು ಅಂತ ಹೇಳಲಿಲ್ಲ.

ಹಿಮ ಬೀಳುವಾಗ ಸದ್ದು ಮಾಡುವುದಿಲ್ಲ. ಅದೇ ಅದರ ಕೇಡು. ಮಳೆಯಾದರೆ ಬಡಿಯುತ್ತದೆ, ಗದರುತ್ತದೆ, ಇಂತಿಷ್ಟು ಅಂತ ಲೆಕ್ಕ ಸಿಗುತ್ತದೆ. ಇದು ಸುಮ್ಮನೆ ಏರುತ್ತದೆ. ಒಂದು ಗಂಟೆಯಲ್ಲಿ ಪಕ್ಕದ ಕಾರಿನ ಚಕ್ರ ಅರ್ಧ ಮುಚ್ಚಿತು. ಎರಡನೆಯ ಗಂಟೆಗೆ ಬಾಗಿಲು ತೆಗೆಯಲು ತಳ್ಳಬೇಕಾಯಿತು. ನಂಜುಂಡಸ್ವಾಮಿ ಕಾಲು ಗಂಟೆಗೊಮ್ಮೆ ಸಲಿಕೆ ಹಿಡಿದು ಇಳಿಯುತ್ತಿದ್ದ, ಹಿಂದಕ್ಕೆ ಹೋಗಿ ಗೋರುತ್ತಿದ್ದ, ಹುಬ್ಬಿನ ಮೇಲೆಲ್ಲ ಹಿಮ ಮೆತ್ತಿಕೊಂಡು ಬಂದು ಕೂರುತ್ತಿದ್ದ.

"ಏನ್ ಸ್ವಾಮಿ, ಗದ್ದೆ ಕೆಲಸ ಜೋರಾಗಿದೆ?" ಎಂದೆ.

ಅವನು ನನ್ನನ್ನು ಹೊರಗೆ ಕರೆದ. ಕಾರಿನ ಹಿಂದೆ ನಿಲ್ಲಿಸಿ, ಹೊಗೆ ಕೊಳವೆ ತೋರಿಸಿ, ತಗ್ಗಿದ ದನಿಯಲ್ಲಿ ಹೇಳಿದ. "ಶೆಟ್ರೇ, ಇದು ಹಿಮದಲ್ಲಿ ಮುಚ್ಚಿಹೋದ್ರೆ ಹೊಗೆ ಅಡಿಯಿಂದ ಕಾರಿನ ಒಳಗೇ ಬರುತ್ತೆ. ಅದರಲ್ಲಿರೋ ಗ್ಯಾಸಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ನಿದ್ದೆ ಬಂದ ಹಾಗೆ ಬರುತ್ತೆ. ಹಿಮದಲ್ಲಿ ಹೀಗೆ ಸಿಕ್ಕಿಹಾಕ್ಕೊಂಡು ಎಷ್ಟೋ ಜನ ಎದ್ದೇ ಇಲ್ಲ. ಅಮ್ಮನಿಗೆ ಹೇಳ್ಬೇಡಿ, ಗಾಬರಿ ಆಗ್ತಾರೆ."

ಇಂಗಿನ ಡಬ್ಬಿಗೂ ಎಲ್ಲರನ್ನೂ ಹೆದರಿಸುವ ಮನುಷ್ಯ ಅವತ್ತು, ಅದೊಂದನ್ನು ಮಾತ್ರ, ತನ್ನೊಳಗೇ ಇಟ್ಟುಕೊಂಡ. ತಾಯಿಯ ಹತ್ತಿರ ಹೇಳಿದ್ದು ಇಷ್ಟೇ: "ಹಿಮ ಜಾಸ್ತಿ ಆಯ್ತಮ್ಮ, ಇಂಜಿನ್ ಓಡ್ತಾ ಇದ್ರೆ ಹೊಗೆ ಒಳಗೆ ಬರುತ್ತೆ. ಹತ್ತು ನಿಮಿಷ ಹಾಕೋಣ, ಅರ್ಧ ಗಂಟೆ ಆರಿಸೋಣ." ಮುಂದಿನ ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದ. ಇಂಜಿನ್ ಆರಿಸಿದ.

ಇಂಜಿನ್ ನಿಂತ ಮೇಲೆ ಚಳಿ ಒಳಗೆ ಬಂದು ನಮ್ಮ ನಡುವೆ ಕೂತಿತು. ಉಸಿರು ಗಾಜಿಗೆ ತಾಗಿ ಅಲ್ಲೇ ಹೆಪ್ಪುಗಟ್ಟತೊಡಗಿತು. ಬಿಸಿ ಪಟ್ಟಿ ತೆಗೆದರೆ ಚಾಮುಂಡೇಶ್ವರಮ್ಮ, "ಒಳಗೆ ಅದೇನು ಪುಡಿ ಇದೆಯೋ, ಮಗು ಮೈಗೆ ಅಂಟಿಸ್ಬೇಡ" ಎಂದು ಅತ್ತ ಸರಿಸಿದರು. ಮೊಮ್ಮಗಳನ್ನು ತಮ್ಮ ಶಾಲಿನೊಳಗೆ ಸೇರಿಸಿಕೊಂಡರು. ಅವಳಿಗೆ ಹಿಮದ ಮೋಜು ಮುಗಿದಿತ್ತು.

"ಅಜ್ಜಿ, ಸಮುಯ್" ಎಂದಳು. ಚಳಿ ಅನ್ನುವುದಕ್ಕೆ ಅವಳಿಗೆ ಆ ಮಾತೇ ಮೊದಲು ಬರುವುದು. ಅಜ್ಜಿಗೆ ಜಪಾನಿ ಬರುವುದಿಲ್ಲ, ಆದರೆ ಮಗುವಿನ ಹಲ್ಲು ಕಟಕಟಿಸುವುದು ಕೇಳುತ್ತಿತ್ತು.

"ನಂಜುಂಡ, ಮಗು ನಡುಗ್ತಿದೆ ಕಣೋ. ಹಾಕೋ ಅದನ್ನ."

"ಇನ್ನು ಹದಿನೆಂಟು ನಿಮಿಷ ಅಮ್ಮ."

"ಬೆಂಕಿ ಬಿತ್ತು ನಿನ್ನ ನಿಮಿಷಕ್ಕೆ."

ಮೂರು ಗಂಟೆಯ ಹೊತ್ತಿಗೆ ಫೋನಿನ ಸಿಗ್ನಲ್ ಹೋಯಿತು. ಶಾಲಿನಿಗೆ ಗಂಟೆಯ ಮೆಸೇಜ್ ಹೋಗಲಿಲ್ಲ. ಅದನ್ನು ನೋಡಿ ನೋಡಿ ಅವನ ಮುಖ ಬಾಡಿತು. ಮುಂದೆ ನಿಂತ ಲಾರಿಗಳಲ್ಲಿ ಯಾರಿಗಾದರೂ ಸುದ್ದಿ ಗೊತ್ತಿರಬಹುದು, ಕೇಳಿ ಬರೋಣ ಎಂದು ಹೊರಟ. ನಾನೂ ಕಾಲು ಸಡಿಲವಾಗಲಿ ಅಂತ ಇಳಿದೆ. ಹೋಗುವಾಗ ಕೀಲಿಯನ್ನು ಅಲ್ಲೇ ಬಿಟ್ಟು, ತಾಯಿಗೆ ಎರಡೆರಡು ಸಲ ಹೇಳಿದ. "ನಾನು ಬರೋ ತನಕ ಇಂಜಿನ್ ಹಾಕ್ಬೇಡ. ಹೊಗೆ ಬರುತ್ತೆ. ಕಿಟಕಿ ಹಾಗೇ ಇರ್ಲಿ."

"ಆಯ್ತು ಹೋಗಪ್ಪ, ಹೊಗೆ ಬರೋ ಹಾಗೆ ನಾನೇನೂ ಮಾಡಲ್ಲ."

ತೊಡೆ ಮಟ್ಟದ ಹಿಮದಲ್ಲಿ ಕಾರುಗಳ ಸಾಲು ಹಿಡಿದು ನಡೆದೆವು. ಒಂದೊಂದು ಕಾರಿನ ಗಾಜಿನೊಳಗೂ ಒಂದೊಂದು ಮುಖ, ನಮ್ಮನ್ನೇ ನೋಡುತ್ತಿತ್ತು. ಯಾರೂ ಹಾರ್ನ್ ಮಾಡುತ್ತಿರಲಿಲ್ಲ. ಅಷ್ಟು ಜನ ಸೇರಿದ ಕಡೆ ಅಷ್ಟು ಮೌನವನ್ನು ನಾನು ಕಂಡಿರಲಿಲ್ಲ. ಇಗರಾಶಿ ಸಾನ್ ಎಂಬ ಲಾರಿ ಡ್ರೈವರನ ಬಳಿ ರೇಡಿಯೋ ಸೆಟ್ ಇತ್ತು. ಎದುರು ದಿಕ್ಕಿನ ರಸ್ತೆಯಲ್ಲಿ ಹಿಮ ಗೋರುವ ಯಂತ್ರ ಹೊರಟಿದೆ, ಇನ್ನೆರಡು ಗಂಟೆಯಾದರೂ ಬೇಕು ಎಂದ. ಅಷ್ಟರಲ್ಲಿ ಪಕ್ಕದ ಪುಟ್ಟ ಕಾರಿನ ಮುದುಕರೊಬ್ಬರು ಬಾಗಿಲು ತೆಗೆಯಲಾಗದೆ ಸಿಕ್ಕಿಕೊಂಡರು. ನಂಜುಂಡಸ್ವಾಮಿ ಸಲಿಕೆ ಹಿಡಿದು ಅವರ ಕಾರಿನ ಸುತ್ತ ಗೋರಲು ನಿಂತ.

ನನ್ನ ಕಾಲಲ್ಲಿದ್ದದ್ದು ಅಂಗಡಿಯ ಚರ್ಮದ ಬೂಟು. ಬೆರಳಿನ ಸ್ಪರ್ಶವೇ ಹೋಗಿತ್ತು. "ನೀವು ಮುಗಿಸಿ ಬನ್ನಿ, ನಾನು ಕಾರಲ್ಲಿರ್ತೀನಿ" ಎಂದು ಒಬ್ಬನೇ ಹಿಂದಿರುಗಿದೆ.

ಬಾಗಿಲು ತೆಗೆದರೆ ಒಳಗೆ ಬೆಚ್ಚಗಿತ್ತು.

ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ, ಸ್ಟೀಲ್ ಪಾತ್ರೆಯ ಮೇಲೆ ಹಿತ್ತಾಳೆಯ ಧೂಪಾರತಿ. ಅದರ ತುಂಬ ಕೆಂಡ. ಬಾಣಂತಿಯ ತಲೆಗೆ ಸಾಂಬ್ರಾಣಿ ಹೊಗೆ ಹಾಕಲು ಏಳನೇ ಡಬ್ಬದಲ್ಲಿಟ್ಟಿದ್ದ ತೆಂಗಿನ ಚಿಪ್ಪಿನ ಇದ್ದಿಲು. ನನ್ನ ಅಂಗಡಿಯದೇ.

"ಏನಮ್ಮಾ ಇದು!" ಎಂದೆ.

"ಹೊಗೆ ಒಂಚೂರೂ ಇಲ್ಲ ನೋಡಿ ಶೆಟ್ರೇ" ಎಂದರು ಚಾಮುಂಡೇಶ್ವರಮ್ಮ, ತಪ್ಪು ಹಿಡಿಯಲು ಬಂದವನಿಗೆ ಸಮಜಾಯಿಷಿ ಕೊಡುವ ಹಾಗೆ. "ಹೊಗೆ ಬರಬಾರದು ಅಂದಿದ್ನಲ್ಲ? ಹೊರಗೇ ನಿಂತು ಕರ್ಪೂರ ಹಾಕಿ ಹೊತ್ತಿಸಿದೆ. ಹೊಗೆಯೆಲ್ಲ ಹೋಗಿ ಕೆಂಪಗಾದ ಮೇಲೇ ಒಳಗೆ ತಂದದ್ದು. ನಾನು ಇಬ್ಬರನ್ನ ಹೆತ್ತಿದೀನಿ. ಎರಡು ಬಾಣಂತನದಲ್ಲೂ ನಲವತ್ತು ದಿನ ಮಂಚದ ಕೆಳಗೆ ಕೆಂಡ ಇತ್ತು. ಏನಾಗಿದೆ ನಮಗೆ?"

ಏನಾಗಿದೆ ಎಂದು ಹೇಳುವ ಬುದ್ಧಿ ನನಗೆ ಇರಬೇಕಿತ್ತು. ಎರಡು ಗಂಟೆ ಹಿಂದೆ ಅವರ ಮಗ ಕಾರಿನ ಹಿಂದೆ ನಿಲ್ಲಿಸಿ ಪಾಠ ಹೇಳಿದ್ದು ನನಗೇ. ಆದರೆ ಪೆಟ್ರೋಲಿನ ಹೊಗೆ ಬೇರೆ, ನಮ್ಮ ಪೂಜೆಯ ಕೆಂಡ ಬೇರೆ ಎಂದು ತಲೆ ವಿಂಗಡಿಸಿಬಿಟ್ಟಿತ್ತು. ಕೆಂಡದ ಮೇಲೆ ಕೈ ಹಿಡಿದೆ. ಬೆರಳುಗಳಿಗೆ ಜೀವ ಬಂತು. "ಒಳ್ಳೇ ಮಾಲು ಅಮ್ಮ, ನೋಡಿ ಬೂದಿ ಎಷ್ಟು ಕಡಿಮೆ" ಎಂದು ವ್ಯಾಪಾರದ ಮಾತನ್ನೂ ಆಡಿದೆ. ಕಿಟಕಿಯ ಎರಡು ಬೆರಳ ಸಂದಿಯಿಂದ ಗಾಳಿ ಸುಯ್ಯೆಂದು ಕತ್ತಿಗೆ ಹೊಡೆಯುತ್ತಿತ್ತು. ಬಿಸಿಯೆಲ್ಲ ಹೊರಗೆ ಹೋಗುತ್ತಿದೆ, ದಂಡ ಅನ್ನಿಸಿತು. ಕೀಲಿ ಒಂದು ಸುತ್ತು ತಿರುಗಿಸಿ, ಗುಂಡಿ ಒತ್ತಿ, ಕಿಟಕಿ ಮುಚ್ಚಿದೆ.

ಆಗ ಮೂರು ಮುಕ್ಕಾಲು. ಗಡಿಯಾರ ನೋಡುವುದು ನನಗೆ ಅಭ್ಯಾಸ.

ಇಂಚರಾ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಿದ್ದಳು. "ಅಂಕಲ್, ಅತಾಮಾ ಇತಾಯ್" ಎಂದಳು. ತಲೆ ನೋವು ಅಂತ. "ಹಸಿವಿಗೆ ಪುಟ್ಟಾ, ಸ್ವಲ್ಪ ಮಲಕ್ಕೋ" ಎಂದೆ. ಅವಳು ಮಲಗಿದಳು. ಕೆನ್ನೆ ಗುಲಾಬಿಯಾಗಿತ್ತು. ಚಳಿ ಬಿಟ್ಟಿದೆ, ಮುಖಕ್ಕೆ ಕಳೆ ಬಂತು ಎಂದು ನಾವಿಬ್ಬರೂ ಸಂತೋಷಪಟ್ಟೆವು. ಚಾಮುಂಡೇಶ್ವರಮ್ಮ ಹಣೆ ಒತ್ತಿಕೊಳ್ಳುತ್ತಾ, "ನನಗೂ ಯಾಕೋ ಸಿಡೀತಿದೆ, ಕಾಫಿ ಇಲ್ಲದ್ದಕ್ಕೆ" ಎಂದರು. ನನಗೆ ಮದುವೆ ಊಟವಾದ ಮೇಲೆ ಬರುವಂಥ ಜೊಂಪು. ಹೊರಗೆ ಹಿಮ ಸುರಿಯುತ್ತಲೇ ಇತ್ತು. ಗಾಜು ಪೂರಾ ಮುಚ್ಚಿ, ಒಳಗೆಲ್ಲ ಕೆಂಡದ ಮಂದ ಬೆಳಕು. ಸುಳ್ಳು ಯಾಕೆ ಹೇಳಲಿ, ಆ ದಿನದಲ್ಲಿ ನನಗೆ ಭಯವಾಗದೇ ಇದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಬಾಗಿಲು ತೆರೆದದ್ದು ನನಗೆ ಎಲ್ಲೋ ದೂರದಲ್ಲಿ ಕೇಳಿತು. ನಂಜುಂಡಸ್ವಾಮಿ ಒಳಗೆ ಬಗ್ಗಿದ. ಕೆಂಡ ನೋಡಿದ. ಮುಚ್ಚಿದ ಕಿಟಕಿ ನೋಡಿದ. ಆಮೇಲೆ ಬಂದ ಕೂಗು ಅವನದು ಅಂತ ನಂಬಲು ನನಗೆ ಹೊತ್ತು ಹಿಡಿಯಿತು.

"ಇಳೀರಿ! ಎಲ್ಲಾ ಇಳೀರಿ! ಅಮ್ಮಾ, ಇಳಿಯೇ ಕೆಳಗೆ!"

ಹಿತ್ತಾಳೆಯ ಧೂಪಾರತಿಯನ್ನು ಬರಿಗೈಯಲ್ಲಿ ಹಿಡಿದು ಹಿಮಕ್ಕೆ ಎಸೆದ. ಚುಸ್ಸೆಂದಿತು. ಮಂಡಿ ನೋವಿನ ತಾಯಿಯನ್ನು ತೋಳು ಹಿಡಿದು ಎಳೆದು ಹಿಮದ ರಾಶಿಯ ಮೇಲೆ ಕೂರಿಸಿದ. ಮಗಳನ್ನು ಎತ್ತಿಕೊಂಡ. ಅವಳ ಕೈ ಅವನ ಬೆನ್ನ ಹಿಂದೆ ಒದ್ದೆ ಟವೆಲಿನ ಹಾಗೆ ಜೋತುಬಿತ್ತು.

"ಇಂಚರಾ. ಇಂಚು. ಕಣ್ಣು ಬಿಡು. ಅಪ್ಪ ಕಣೇ. ಕಣ್ಣು ಬಿಡಮ್ಮ."

ಬಿಡಲಿಲ್ಲ.

ನಾನು ಇಳಿಯಲು ಹೋಗಿ ಮಂಡಿಯೂರಿ ಬಿದ್ದೆ. ಮುಖದ ಮುಂದೆ ಬಂದ ಕೈಗಡಿಯಾರದಲ್ಲಿ ನಾಲ್ಕೂ ಹತ್ತು. ಚಾಮುಂಡೇಶ್ವರಮ್ಮ ಹಿಮದಲ್ಲಿ ಕೂತು, ಏನಾಯಿತು ಅಂತಲೂ ಅರ್ಥವಾಗದೆ, "ಹೊಗೆ ಇರ್ಲಿಲ್ಲ ಕಣೋ, ಹೊಗೆ ಇರ್ಲೇ ಇಲ್ಲ" ಎಂದು ಅದನ್ನೇ ಹೇಳುತ್ತಿದ್ದರು. ನಂಜುಂಡಸ್ವಾಮಿ ಅವರ ಕಡೆ ನೋಡಲಿಲ್ಲ. ಮಗಳ ಮೂಗಿನ ಹತ್ತಿರ ತನ್ನ ಕೆನ್ನೆ ಇಟ್ಟ. ಹಾಗೇ ಇಟ್ಟುಕೊಂಡು ನಿಂತ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಉಸಿರಿದೆಯೋ ಇಲ್ಲವೋ ಅಲ್ಲಿ ಬರೆದಿರುತ್ತದೆ ಅಂತ. ಎಷ್ಟು ಹೊತ್ತೋ.

"ಇದೆ" ಎಂದ.

ಆಮೇಲೆ ಅವನು ಓಡಿದ. ತೊಡೆ ಮಟ್ಟದ ಹಿಮದಲ್ಲಿ ಓಡಲಾಗುವುದಿಲ್ಲ, ಆದರೂ ಮಗಳನ್ನು ಎದೆಗೆ ಅವುಚಿಕೊಂಡು, ಬೀಳುತ್ತಾ ಏಳುತ್ತಾ, ಇಗರಾಶಿ ಸಾನ್ ಲಾರಿಯ ಕಡೆ ಓಡಿದ. "ಸುಮಿಮಾಸೆನ್! ಸುಮಿಮಾಸೆನ್!" ಎಂದು ಅವನು ಕಿರುಚುವುದು ಸಾಲುದ್ದಕ್ಕೂ ಕೇಳಿತು. ಅಂಥ ಹೊತ್ತಿನಲ್ಲೂ ಕ್ಷಮೆ ಕೇಳಿಯೇ ಸಹಾಯ ಕೇಳಬೇಕು ಈ ದೇಶದಲ್ಲಿ. ಕಾರುಗಳ ಬಾಗಿಲು ಒಂದೊಂದಾಗಿ ತೆರೆದವು. ಜನ ಇಳಿದರು. ಯಾರೋ ಚಾಮುಂಡೇಶ್ವರಮ್ಮನವರಿಗೆ ಕಂಬಳಿ ಹೊದಿಸಿದರು, ಇನ್ನಾರೋ ನನ್ನ ತಲೆ ಹಿಡಿದುಕೊಂಡರು. ನಾನು ವಾಂತಿ ಮಾಡಿಕೊಂಡೆ.

ಎದುರು ರಸ್ತೆಯಲ್ಲಿ ಹಿಮ ಗೋರುವ ಯಂತ್ರದ ಬೆನ್ನಿಗೆ ಆಂಬುಲೆನ್ಸ್ ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ನಡುವಿನ ಬೇಲಿಯ ಮೇಲಿಂದ ಇಂಚರಾಳನ್ನು ಕೈಯಿಂದ ಕೈಗೆ ದಾಟಿಸಿದರು. ಒಮ್ಮೆ ಕಣ್ಣು ಬಿಟ್ಟಿದ್ದಳಂತೆ, ಅಪ್ಪನನ್ನು ಗುರುತಿಸಲಿಲ್ಲವಂತೆ. ಅದನ್ನು ನಂಜುಂಡಸ್ವಾಮಿ ನನಗೆ ಹೇಳಿದ್ದು ಆಂಬುಲೆನ್ಸಿನೊಳಗೆ, ಆಫೀಸಿನ ವರದಿ ಓದುವ ದನಿಯಲ್ಲಿ. ಧೂಪಾರತಿ ಹಿಡಿದ ಅಂಗೈ ಬೆಂದು ಬೊಬ್ಬೆ ಎದ್ದಿತ್ತು. ಅದನ್ನು ಅವನು ಇನ್ನೂ ನೋಡಿಕೊಂಡೇ ಇರಲಿಲ್ಲ.

ಆಸ್ಪತ್ರೆಯಲ್ಲಿ ನಮಗೆಲ್ಲ ಮೂಗಿಗೆ ಬಾಯಿಗೆ ಆಮ್ಲಜನಕದ ಮುಖವಾಡ ಹಾಕಿದರು. ಪರದೆಯಾಚೆ ಇಂಚರಾ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನಂಜುಂಡಸ್ವಾಮಿಯ ಎದುರು ಮಂಡಿಯೂರಿ ಕೂತು, ಮೆಲ್ಲಗೆ ಕೇಳಿದರು. ಹೊಗೆಯಿಲ್ಲದ ಕೆಂಡದಿಂದಲೂ ಅದೇ ಗ್ಯಾಸು ಬರುತ್ತದೆ, ಮುಚ್ಚಿದ ಕಾರಿನಲ್ಲಿ ಅದು ಎಷ್ಟು ಹೊತ್ತು ಇತ್ತು? ಮುಂದಿನ ಚಿಕಿತ್ಸೆ ಅದರ ಮೇಲೆ ನಿಂತಿದೆ ಎಂದರು.

ಅವನು ತಾಯಿಯ ಕಡೆ ತಿರುಗಿದ. "ಅಮ್ಮ, ಯಾವಾಗ ಹಚ್ಚಿದ್ದು?"

"ನೀನು ಹೋದ ಮೇಲೆ. ಮುಚ್ಚಿರ್ಲಿಲ್ಲ ಕಣೋ, ಕಿಟಕಿ ನೀನು ಹೇಳಿದ ಹಾಗೇ ಬಿಟ್ಟಿದ್ದೆ. ನಾನು ಮುಟ್ಟೇ ಇಲ್ಲ." ಮುಖವಾಡದೊಳಗಿಂದ ಅವರ ದನಿ ಬಾವಿಯೊಳಗಿನಂತಿತ್ತು. ಅಷ್ಟು ಹೇಳಿ ಅವರು ನನ್ನ ಕಡೆ ನೋಡಿದರು. ಬೇರೇನೂ ಹೇಳಲಿಲ್ಲ. ಹೇಳಬಹುದಿತ್ತು.

ಜೀವಮಾನವೆಲ್ಲ ಸತ್ಯವನ್ನು ಒಂದಿಷ್ಟು ಆಚೀಚೆ ತೂಗಿಯೇ ಬದುಕಿದವನು ನಾನು. ನಿನ್ನೆ ಬಂದ ಮಾಲು ಅನ್ನುತ್ತೇನೆ, ಮೊನ್ನೆಯದಾಗಿರುತ್ತದೆ. ಹತ್ತು ನಿಮಿಷ ಅಂದರೂ ನಡೆಯುತ್ತಿತ್ತು, ಯಾರು ನೋಡಿದ್ದಾರೆ?

"ಕಿಟಕಿ ಮುಚ್ಚಿದ್ದು ನಾನು" ಎಂದೆ. "ಮೂರು ಮುಕ್ಕಾಲಿಗೆ. ನೀವು ಬಂದು ಬಾಗಿಲು ತೆಗೆದಾಗ ನಾಲ್ಕೂ ಹತ್ತು. ಮಗು ತಲೆ ನೋವು ಅಂತ ಆಗಲೇ ಹೇಳಿತ್ತು. ಮಲಕ್ಕೋ ಅಂದೆ."

ನಂಜುಂಡಸ್ವಾಮಿ ನನ್ನನ್ನು ನೋಡಿದ. ನಾನು ಬೈಗುಳಕ್ಕೆ ಕಾದೆ, ಹೊಡೆತಕ್ಕೂ ಕಾದೆ. ಅವನು ಡಾಕ್ಟರ ಕಡೆ ತಿರುಗಿ, ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಜಪಾನಿಯಲ್ಲಿ ಹೇಳಿದ. ಮೂರು ಮುಕ್ಕಾಲು. ನಾಲ್ಕೂ ಹತ್ತು. ತಲೆ ನೋವು. ಡಾಕ್ಟರು ಬರೆದುಕೊಂಡು, ಅವನಿಗೆ ತಲೆ ಬಗ್ಗಿಸಿ, ಬೇಗ ಬೇಗ ಪರದೆಯಾಚೆ ಹೋದರು.

ಅವರು ಹೋದ ಮೇಲೆ ಅವನು ಜೇಬಿನಿಂದ ಫೋನು ತೆಗೆದ. ಶಾಲಿನಿಯ ಹನ್ನೊಂದು ಮಿಸ್ಡ್ ಕಾಲು ಫೋನಿನಲ್ಲಿದ್ದವು. ಫೋನನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ, ಒತ್ತುತ್ತಿರಲಿಲ್ಲ.

"ಏನಂತ ಹೇಳ್ಲಿ ಶೆಟ್ರೇ? ಇದ್ದಾಳೆ ಅಂತ ಹೇಳ್ಬಹುದಾ ಈಗ? ಹೇಳಿದ ಮೇಲೆ ಏನಾದ್ರೂ ಆದ್ರೆ?"

ಅವನೇ ಫೋನು ಕಿವಿಗಿಟ್ಟುಕೊಂಡು, ಗೋಡೆಯ ಕಡೆ ತಿರುಗಿ ನಿಂತು, ಮೊದಲಿನಿಂದ ಹೇಳತೊಡಗಿದ.

ಎರಡು ಗಂಟೆ ಕಳೆದ ಮೇಲೆ ಪರದೆಯಾಚೆಯಿಂದ ತೆಳ್ಳಗೆ ಒಂದು ದನಿ, "ಅಪ್ಪಾ, ನೀರು" ಎಂದಿತು. ಕನ್ನಡದಲ್ಲಿ. ಚಾಮುಂಡೇಶ್ವರಮ್ಮ ಮುಖವಾಡದೊಳಗೇ ಅತ್ತರು. ಅಪಾಯ ದಾಟಿತು ಎಂದು ಡಾಕ್ಟರು ಹೇಳಿದರು. ಆದರೂ ಇಂಥದ್ದರಲ್ಲಿ ಕೆಲವು ವಾರ ಬಿಟ್ಟು ಮರೆವು, ತೊದಲು ಕಾಣಿಸಿಕೊಳ್ಳುವುದುಂಟು, ಕಣ್ಣಿಟ್ಟಿರಿ ಎಂದೂ ಸೇರಿಸಿದರು. ಅಷ್ಟು ಸಾಕು ನಂಜುಂಡಸ್ವಾಮಿಗೆ. ಅವತ್ತಿನಿಂದ ಮಗಳು ಪೆನ್ಸಿಲ್ ಎಲ್ಲಿಟ್ಟೆ ಅಂತ ಮರೆತರೂ ಅವನ ಮುಖದ ರಕ್ತ ಇಳಿಯುತ್ತದೆ.

ಮೂವತ್ತೊಂದರ ಬೆಳಿಗ್ಗೆ ಬಿಟ್ಟರು. ಹಿಮಕ್ಕೆ ರೈಲು ನಿಂತು ಅಲ್ಲಿಯ ತನಕ ಬರಲಾಗದಿದ್ದ ಶಾಲಿನಿ ಅವತ್ತು ನೇರ ನಾಗಾವೊಕಾಕ್ಕೇ ಬರುವವಳಿದ್ದಳು. ಕಾರನ್ನು ಹೆದ್ದಾರಿಯವರು ಹತ್ತಿರದ ಪಾರ್ಕಿಂಗಿಗೆ ಎಳೆದು ತಂದಿದ್ದರು, ಡಬ್ಬಗಳೂ ಅಕ್ಕಿ ಮೂಟೆಯೂ ಇದ್ದ ಹಾಗೇ ಇದ್ದವು. ಸಂಜನಾಳ ಮನೆಗೆ ಉಳಿದದ್ದು ನಲವತ್ತು ಕಿಲೋಮೀಟರ್. ಸಣ್ಣಗೆ ಹಿಮ ಬೀಳುತ್ತಿತ್ತು. ನಂಜುಂಡಸ್ವಾಮಿ ಪಟ್ಟಿ ಕಟ್ಟಿದ ಕೈಯಲ್ಲಿ ಕಾರನ್ನು ಒಂದು ಸುತ್ತು ಹಾಕಿ ನೋಡಿ, ಬಂದು ಕೂತು, ಇಂಜಿನ್ ಹಾಕಿದ. ಆಮೇಲೆ ನಾಲ್ಕೂ ಕಿಟಕಿಗಳನ್ನು ಪೂರಾ ಇಳಿಸಿದ.

ನಲವತ್ತು ಕಿಲೋಮೀಟರೂ ಹಾಗೇ ಹೋದೆವು. ಹಿಮ ಒಳಗೆ ಬಂದು ನಮ್ಮ ತೊಡೆಯ ಮೇಲೆ ಬಿದ್ದು ಕರಗುತ್ತಿತ್ತು. ಚಾಮುಂಡೇಶ್ವರಮ್ಮ ತಲೆಗೆ ಎರಡು ಶಾಲು ಸುತ್ತಿಕೊಂಡು, ಮೊಮ್ಮಗಳ ಮೂಗಿನ ಮುಂದೆ ಆಗಾಗ ಬೆರಳು ಹಿಡಿ‌ದು ನೋಡುತ್ತಿದ್ದರು. ಪಕ್ಕದಲ್ಲಿ ಸಾಗುವ ಕಾರಿನವರು ನಮ್ಮನ್ನು ಹುಚ್ಚರನ್ನು ನೋಡಿದಂತೆ ನೋಡಿದರು. ನನ್ನ ಕಿವಿ ಸೆಟೆದು ಹೋಗಿತ್ತು, ಬೂಟು ಇನ್ನೂ ಒದ್ದೆ.

"ಚಳಿ ಆಗ್ತಿದ್ರೆ ಹೇಳಿ ಶೆಟ್ರೇ" ಎಂದ ನಂಜುಂಡಸ್ವಾಮಿ, ರಸ್ತೆಯಿಂದ ಕಣ್ಣು ತೆಗೆಯದೆ. ಕಿಟಕಿ ಮುಚ್ಚಿದ್ದು ನಾನು ಎಂದು ಒಪ್ಪಿಕೊಂಡ ಮೇಲೆ ಅವನು ನನ್ನೊಡನೆ ತಾನಾಗಿ ಆಡಿದ ಎರಡನೆಯ ಮಾತು ಅದು.

"ಇಲ್ಲ ಸ್ವಾಮಿ" ಎಂದೆ. "ಆಗ್ತಿಲ್ಲ."